ಸಾವಿಗೆ ಉಡಿ ತುಂಬಿದ ಊರು

ಸೂರ್ಯನನ್ನು ಕೆಟ್ಟ ಹಾವೆಂದು ಬೈದು ಬರೆದ ರಷ್ಯದ ಲೇಖಕನೊಬ್ಬನ ಪುಸ್ತಕ ನನಗೆ ಸಿಕ್ಕಿದ್ದು ಸ್ಟೇಷನ್ ರಸ್ತೆಯ ಒಂದು ರದ್ದಿ ಅಂಗಡಿಯಲ್ಲಿ. ಇಂಗ್ಲಿಷ್ ಅನುವಾದ. ರಟ್ಟು ಹರಿದಿತ್ತು, ಮೊದಲಿನ ಕೆಲವು ಹಾಳೆಗಳು ಹೋಗಿದ್ದವು. ಅರವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಎಂ.ಎ. ಮುಗಿಸಿ, ಎಲ್ಲವನ್ನೂ ಅನುಮಾನಿಸುವ ಹೊಸ ಚಟ ಹಚ್ಚಿಕೊಂಡು ನಾನು ಊರಿಗೆ ಮರಳಿದ್ದೆ. ಈಗಿನ ವಿಜಯಪುರವನ್ನು ಆಗ ಎಲ್ಲರೂ ಬಿಜಾಪುರ ಎನ್ನುತ್ತಿದ್ದರು. ಅಂಗಡಿಯ ಮುಂದೆ ನಿಂತೇ ಹತ್ತಾರು ಪುಟ ಓದಿದೆ ಎಂದು ನನ್ನ ನೆನಪು. ಆದರೆ ಅದು ಮೇ ತಿಂಗಳ ಮಧ್ಯಾಹ್ನವಾಗಿತ್ತು ಎಂದೂ ನೆನಪಿದೆ. ಮೇ ತಿಂಗಳ ಮಧ್ಯಾಹ್ನ ಸ್ಟೇಷನ್ ರಸ್ತೆಯಲ್ಲಿ ನಿಂತು ಯಾರೂ ಹತ್ತು ಪುಟ ಓದಲಾರರು. ಎರಡರಲ್ಲಿ ಒಂದು ಸುಳ್ಳು. ಬಿಸಿಲಲ್ಲಿ ನಿಂತು ಸೂರ್ಯನ ನಿಂದೆ ಓದಿದೆ ಎಂದು ಹೇಳಿಕೊಳ್ಳುವುದು ಚೆಂದ ಕಾಣುತ್ತದೆಂದು ಮನಸ್ಸು ಆಮೇಲೆ ಜೋಡಿಸಿಕೊಂಡಿರಬೇಕು.

ಇಂಥ ಜೋಡಣೆಗಳು ಮುಂದೆಯೂ ಬರುತ್ತವೆ. ನನಗೆ ಗೊತ್ತಾದಲ್ಲಿ ಹೇಳುತ್ತೇನೆ.

ಆ ಲೇಖಕನ ಹೆಸರು ನಮ್ಮ ಕಡೆಯ ಬಾಯಿಗೆ ಒಗ್ಗಲಿಲ್ಲ. ಮುಂದೆ ನಾನು ಮಾಸ್ತರನಾಗಿ ಸೇರಿದ ತಿಕೋಟಾದಲ್ಲಿ ಎಲ್ಲರೂ ಅವನನ್ನು ‘ರಷ್ಯಾದ ಮಾಸ್ತರ’ ಎಂದೇ ಕರೆದರು. ಆತ ನಿಜಕ್ಕೂ ಮಾಸ್ತರನೇ. ತಂದೆ ಬೇಗ ತೀರಿಕೊಂಡಿದ್ದ. ತಾಯಿ ಮಂದಿಯ ಮನೆಯಲ್ಲಿ ಕೆಲಸ ಮಾಡಿ ಮಗನನ್ನು ಓದಿಸಿದಳು, ಓದಿಸುತ್ತಲೇ ಹೊಡೆದಳು. ದೂರದ ಸಣ್ಣಸಣ್ಣ ಊರುಗಳಲ್ಲಿ, ಕೆಸರು ಮತ್ತು ಚಾಡಿಮಾತುಗಳ ನಡುವೆ, ಅವನು ವರ್ಷಗಟ್ಟಲೆ ಪಾಠ ಹೇಳಿದ. ಅವನ ಕಥೆಗಳಲ್ಲಿ ದೊಡ್ಡ ರಾಕ್ಷಸರಿಲ್ಲ. ನೆರೆಯವನ ಹೊಟ್ಟೆಕಿಚ್ಚು, ಬಡ್ತಿಯ ಆಸೆಗೆ ಕೊಳೆತುಹೋದ ಮನಸ್ಸು, ಮೂಲೆಯ ಕಸದಲ್ಲಿ ಮಿಸುಕುವ ಹೆಸರಿಲ್ಲದ ಕೇಡು, ಇಷ್ಟೇ. ಅಂಥ ಲೋಕದಲ್ಲಿ ಬದುಕು ಸುಡುವ ಬಿಸಿಲು, ಸಾವೇ ನೆರಳು. ಅವನು ಸಾವನ್ನು ತಾಯಿಯಂತೆ, ಮದುಮಗಳಂತೆ ಕರೆದು ಬರೆದ. ಹೆಂಡತಿ ತೀರಿಕೊಂಡ ಮೇಲೂ ಊಟದ ಹೊತ್ತಿಗೆ ಅವಳ ತಟ್ಟೆಯನ್ನು ಪಕ್ಕದಲ್ಲಿ ಇಡಿಸುತ್ತಿದ್ದನಂತೆ. ಇದನ್ನು ಆಮೇಲೆ ಧಾರವಾಡದ ಗ್ರಂಥಾಲಯದಲ್ಲಿ ಓದಿದ್ದೇನೆ ಎಂದುಕೊಂಡಿದ್ದೇನೆ. ಆದರೆ ನನ್ನ ತಾಯಿ ಪ್ರತಿ ವರ್ಷ ಪಿತೃಪಕ್ಷದಲ್ಲಿ ಅಪ್ಪನ ಎಡೆ ಇಟ್ಟು ಬಾಗಿಲು ಎಳೆದು ಮುಚ್ಚಿ ಕೂರುತ್ತಿದ್ದಳು. ಆ ತಟ್ಟೆ ರಷ್ಯಕ್ಕೆ ಹೋಗಿ ಕುಳಿತಿದ್ದರೂ ಇರಬಹುದು.

ನನಗೆ ತಿಕೋಟಾದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಬೆಳಿಗ್ಗೆ ವಿಜಯಪುರದಿಂದ ಬಸ್ಸು, ಸಂಜೆ ಮರಳುವ ಬಸ್ಸು. ಶಾಲೆಯ ಮುಂದೆ ದೊಡ್ಡ ಬಯಲು, ಬಯಲಿನ ತುಂಬ ಧೂಳು. ಸಣ್ಣ ಊರು, ಮಾಸ್ತರಿಕೆ, ಚಾಡಿಮಾತು, ಎಲ್ಲ ಕೂಡಿಬಂದದ್ದರಿಂದ ಆ ರಷ್ಯದವನು ನನ್ನ ಬಗ್ಗೆಯೇ ಬರೆದಿದ್ದಾನೆಂದು ನಂಬಿದೆ. ಇಪ್ಪತ್ನಾಲ್ಕು ಇಪ್ಪತ್ತೈದರ ವಯಸ್ಸಿನಲ್ಲಿ ಹತಾಶೆಯೂ ಒಂದು ಹೊಸ ಅಂಗಿಯಂತೆ. ಹಾಕಿಕೊಂಡು ನಾಲ್ಕು ಜನರ ಮುಂದೆ ಓಡಾಡಬೇಕು ಅನ್ನಿಸುತ್ತದೆ.

ಒಂದು ದಿನ ಮಾಸ್ತರರ ಕೋಣೆಯಲ್ಲಿ ಅವನ ಬಗ್ಗೆ ಹೇಳಿದೆ. ಹೆಡ್‌ಮಾಸ್ತರು ಅಡಿಕೆ ಕತ್ತರಿಸುತ್ತ ಕೇಳುತ್ತಿದ್ದರು. ಬಬಲೇಶ್ವರದ ಪೇಟಿ ಮಾಸ್ತರೂ ಅಲ್ಲಿದ್ದರು. ಅವರು ದೊಡ್ಡಾಟಗಳಿಗೆ ಹಾರ್ಮೋನಿಯಂ ನುಡಿಸುವವರು, ವಾರಕ್ಕೊಮ್ಮೆ ನಮ್ಮ ಮಕ್ಕಳಿಗೆ ಹಾಡು ಹೇಳಿಕೊಡಲು ಬರುತ್ತಿದ್ದರು.

“ಸೂರ್ಯಾ ಅಂದ್ರ ಕೆಟ್ಟ ಹಾವು, ಎಲ್ಲಾರನ್ನೂ ನೆಕ್ಕಿ ನೆಕ್ಕಿ ಸುಡ್ತದ ಅಂತಾನ,” ಎಂದೆ.

ಪೇಟಿ ಮಾಸ್ತರು ಕೇಳಿದರು: “ಅಂವ ಎಪ್ರಿಲ್‌ದಾಗ ಈ ಕಡೆ ಬಂದಿದ್ನೇನ್ರಿ?”

“ಇಲ್ರಿ. ಅವನ ಊರಾಗ ವರ್ಷಕ್ಕ ಆರು ತಿಂಗಳ ಬರ್ಫ.”

“ಹಂಗಾರ ಅವಗೇನ ಗೊತ್ತ ಸೂರ್ಯಾ? ಬೈಯೂ ಹಕ್ಕ ನಮಗೈತಿ. ನಾವ ಮುಂಜಾನೆದ್ದು ಕೈ ಮುಗೀತೀವಿ.”

ಹೆಡ್‌ಮಾಸ್ತರು ನಕ್ಕು, “ನಿಮ್ಮ ರಷ್ಯಾದ ಮಾಸ್ತರಗ ಟ್ರಾನ್ಸಫರ್ ಮಾಡ್ಸಿ ಕನಮಡಿಗೆ ಹಾಕಸೋಣ. ಎಲ್ಲಾ ಸರಿ ಆಗ್ತದ,” ಎಂದರು.

ಎಲ್ಲರೂ ನಕ್ಕರು. ಆದರೆ ಬಾಗಿಲಲ್ಲಿ ನಿಂತಿದ್ದ ಅಕ್ಕೋರು ನಗಲಿಲ್ಲ. ಅವರು ಬಯಲಿನ ಆ ಬದಿಯ ಹೆಣ್ಣುಮಕ್ಕಳ ಕನ್ನಡ ಶಾಲೆಯ ಶಿಕ್ಷಕಿ. ಗ್ಯಾದರಿಂಗ್ ಬಗ್ಗೆ ಮಾತಾಡಲು ಬಂದಿದ್ದರು. ನಮ್ಮ ಕಡೆ ಶಾಲೆಯ ವಾರ್ಷಿಕೋತ್ಸವಕ್ಕೆ ಗ್ಯಾದರಿಂಗ್ ಎನ್ನುತ್ತಾರೆ. ಆ ವರ್ಷ ಎರಡೂ ಶಾಲೆಗಳು ಸೇರಿ ಮಾಡಬೇಕೆಂದು ಠರಾವಾಗಿತ್ತು. ಅವರು ನಗದಿರಲು ಕಾರಣವಿತ್ತು. ಗಡಿಯ ಮೂಲೆಯಲ್ಲಿದ್ದ ಕನಮಡಿಗೆ ವರ್ಗವಾಗುವುದು ಅವರ ಪಾಲಿಗೆ ತಮಾಷೆಯಾಗಿರಲಿಲ್ಲ.

ಅಕ್ಕೋರು ಕಳ್ಳಕವಟಗಿಯವರು. ಮದುವೆಯಾದ ಸ್ವಲ್ಪ ದಿನಕ್ಕೇ ಗಂಡ ತೀರಿಹೋಗಿದ್ದ. ಅಣ್ಣ ಹಟ ಹಿಡಿದು ಓದಿಸಿ ಟ್ರೇನಿಂಗ್ ಮಾಡಿಸಿದ್ದ. ಬಿಳಿ ಸೀರೆ, ಬರಿಹಣೆ, ಮೂವತ್ತರ ಆಸುಪಾಸು. ಅವರ ಶಾಲೆಯಲ್ಲಿ ಆ ವರ್ಷ ಮೊದಲ ಬಾರಿಗೆ ಏಳೆಂಟು ಹುಡುಗಿಯರು ಮುಲ್ಕಿ ಪರೀಕ್ಷೆಗೆ, ಅಂದರೆ ಏಳನೆಯ ಇಯತ್ತೆಯ ದೊಡ್ಡ ಪರೀಕ್ಷೆಗೆ, ಕೂರುವವರಿದ್ದರು. ಅದಕ್ಕೂ ಮುಂಚೆ ಆ ಊರಿನ ಹುಡುಗಿಯರು ನಾಲ್ಕನೆಯದಕ್ಕೇ ಶಾಲೆ ಬಿಡುತ್ತಿದ್ದರು. ಇವರನ್ನು ಮನೆಮನೆಗೆ ಹೋಗಿ, ಬೈಸಿಕೊಂಡು, ಏಳರವರೆಗೆ ಎಳೆದು ತಂದವರು ಅಕ್ಕೋರು. ಪರೀಕ್ಷೆಗೆ ಮುಂಚೆ ಅವರು ಹೋದರೆ ಹುಡುಗಿಯರೂ ಮನೆಗೆ ಹೋಗುತ್ತಾರೆ. ಇದು ಎಲ್ಲರಿಗೂ ಗೊತ್ತಿದ್ದ ಮಾತು.

ಅವರನ್ನು ಕಳಿಸುವ ಮಾತು ಎದ್ದದ್ದು ಗೌಡರ ವಾಡೆಯಿಂದ. ವಾಡೆಯ ದೊಡ್ಡ ಬಾಗಿಲು ಹೆಣ್ಣುಮಕ್ಕಳ ಶಾಲೆಗೆ ನೇರ ಎದುರು. ಗೌಡರ ತಾಯಿಯನ್ನು ಊರೆಲ್ಲ ಗೌಡಶಾನಿ ಎನ್ನುತ್ತಿತ್ತು. ಆಕೆ ಮುಂಜಾನೆ ಬಾಗಿಲು ತೆರೆದರೆ ಕಾಣುತ್ತಿದ್ದದ್ದು ಪ್ರಾರ್ಥನೆಗೆ ನಿಂತ ಅಕ್ಕೋರ ಮುಖ.

“ದಿನಾ ಬಾಗಲಾ ತಗದ್ರ ಎದರಿಗೆ ಬರಿಹಣಿ,” ಎಂದು ಆಕೆ ಬಾವಿಯ ಹತ್ತಿರ ಅಂದದ್ದು ಸಂಜೆಯೊಳಗೆ ಊರ ಮಾತಾಯಿತು. “ಮೊದಲ ಎತ್ತ ಸತ್ತಿತು, ಆಮ್ಯಾಲ ಸೊಸಿಗೆ ಗರ್ಭ ಇಳೀತು. ನಾ ಯಾರಿಗೇನ ಅನ್ನಾಂಗಿಲ್ಲಬೇ, ಆದ್ರ ಆಕಿನ್ನ ಬ್ಯಾರೆ ಕಡೆ ಹಾಕ್ಲಿ.”

ಗೌಡರು ಎರಡೂ ಶಾಲೆಗಳ ಊರ ಕಮಿಟಿಗೆ ಹಿರಿಯರು. ಮೇಲಿನವರಿಗೆ ಅವರು ಒಂದು ಮಾತು ಹೇಳಿದರೆ ಸಾಕಿತ್ತು. ಗ್ಯಾದರಿಂಗ್ ಮುಗಿದ ಮೇಲೆ ಹೇಳುತ್ತೇನೆಂದು ತಾಯಿಗೆ ಒಪ್ಪಿಕೊಂಡಿದ್ದರು. ಮುಲ್ಕಿ ಪರೀಕ್ಷೆ ಅದಾದ ಮೇಲಿತ್ತು.

ಇಂಥ ಊರಿನಲ್ಲಿ ನಾನು ಸಾವಿನ ನಾಟಕ ಬರೆದೆ.

ಕಥೆ ನನ್ನದೇ, ಗಾಳಿ ಮಾತ್ರ ಆ ರಷ್ಯದವನದು. ಸುಡುವ ಬಿಸಿಲಿನ ಒಂದು ಮನೆ. ಬಾವಿ ಬತ್ತಿದೆ. ಮನೆಯಲ್ಲಿ ಮೂವರು ಗಂಡುಮಕ್ಕಳು ಒಂದು ತಂಬಿಗೆ ನೀರಿಗಾಗಿ ಒಬ್ಬರನ್ನೊಬ್ಬರು ಚುಚ್ಚುತ್ತಾರೆ. ಮೂಲೆಯಲ್ಲಿ ಹಾಸಿಗೆ ಹಿಡಿದ ಮುದುಕ ತಂದೆ. ಬಾಗಿಲಿಗೆ ಒಬ್ಬ ಹೆಂಗಸು ಬಂದು ನೀರು ಕೇಳುತ್ತಾಳೆ. ಮಕ್ಕಳು ಓಡಿಸುತ್ತಾರೆ. ಮುದುಕ ತನ್ನ ಪಾಲಿನ ಕೊನೆಯ ಗುಟುಕು ಕೊಡುತ್ತಾನೆ. ಅವಳು ಕುಡಿದು, “ನಾನು ಸಾವು” ಎಂದು ಹೇಳಿ, ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿಸುತ್ತಾಳೆ. ಅಲ್ಲಿಗೆ ಮುಗಿಯಿತು. ಪರದೆ ಇಲ್ಲ, ಹಾಡಿಲ್ಲ. ಜನ ಎದೆಯಲ್ಲಿ ಕತ್ತಲು ಹೊತ್ತು ಮನೆಗೆ ಹೋಗಬೇಕು ಎಂಬುದು ನನ್ನ ಲೆಕ್ಕ. ಬಯಲಿನ ಪಶ್ಚಿಮಕ್ಕೆ ರಂಗ ಕಟ್ಟಿಸಿದರೆ ಸೂರ್ಯ ಆಟದ ಹಿಂದೆಯೇ ಮುಳುಗುತ್ತಾನೆ, ಸರಿಯಾಗಿ ಅದೇ ಗಳಿಗೆಗೆ ಸಾವು ಬರಬೇಕು ಎಂದೂ ಯೋಚಿಸಿದ್ದೆ. ಬಹಳ ಬುದ್ಧಿವಂತಿಕೆಯ ಯೋಜನೆ ಅನ್ನಿಸಿತ್ತು.

ಮೊದಲ ತಕರಾರು ಪೇಟಿ ಮಾಸ್ತರಿಂದ ಬಂತು.

“ಮಂಗಳ ಇಲ್ಲಂದ್ರ ಹ್ಯಾಂಗ್ರಿ?”

“ಬ್ಯಾಡ್ರಿ. ಸುಮ್ಮನ ಮುಗೀಬೇಕು.”

“ಮುಗಿಯೂದ ಇಲ್ಲಲ್ರಿ ಅದು. ಮಂಗಳ ಹಾಡೂತನಕ ಆಟ ಮುಗಿಯೂದಿಲ್ಲ, ಬಣ್ಣ ಇಳಿಯೂದಿಲ್ಲ. ಪಾತ್ರ ಮೈಮ್ಯಾಲೇ ಇರತೈತಿ. ದೊಡ್ಡಾಟದಾಗ ನಮ್ಮ ಭೀಮ ಮಂಗಳ ಆಗೂತನಕ ಬೀಡಿ ಸೇದಾಂಗಿಲ್ಲ. ಸೇದಿದ್ರ ಮಂದಿ ಬೈತಾರ, ಭೀಮ ಬೀಡಿ ಸೇದತಾನಂತ.”

ನಾನು ಅದನ್ನು ಮೂಢನಂಬಿಕೆ ಎಂದೆನೋ, ಜಾನಪದ ಎಂದೆನೋ. ಎರಡೂ ನನ್ನ ಬಾಯಲ್ಲಿ ಆಗ ಸದಾ ಇರುತ್ತಿದ್ದ ಮಾತುಗಳು. ಅವರು ಹೆಗಲು ಕುಣಿಸಿ, “ನಿಮ್ಮ ಆಟ, ನಿಮ್ಮ ಇಷ್ಟ. ನಾ ಪೇಟಿ ಮುಂದ ಕುಂತಿರ್ತೀನಿ,” ಎಂದರು.

ಎರಡನೆಯ ತಕರಾರು ದೊಡ್ಡದು. ಸಾವಿನ ಪಾತ್ರಕ್ಕೆ ಯಾರೂ ಇಲ್ಲ. ಹೆಣ್ಣು ಪಾತ್ರವನ್ನು ಹುಡುಗರೇ ಮಾಡುವ ಕಾಲ. ಆದರೆ ಮೊದಲ ದಿನದ ತಾಲೀಮು ಮುಗಿಯುತ್ತಲೇ ಒಬ್ಬ ಹುಡುಗನ ತಾಯಿ ಶಾಲೆಗೆ ಬಂದು ನಿಂತಳು. “ನನ್ನ ಮಗನ ಬಾಯಿಲೆ ‘ನಾ ಸಾವು’ ಅನ್ನಸ್ತೀರೇನ್ರಿ ಮಾಸ್ತರ? ಕಲತಾವ್ರು ನೀವು. ಬೇಕಾದ್ರ ನೀವ ಅನ್ರಿ.” ಇನ್ನೊಬ್ಬನಿಗೆ ಕೊಟ್ಟೆ, ಅವನ ಅಜ್ಜ ಬಂದ. ಕೊನೆಗೆ ನಾನೇ ಸೀರೆ ಉಟ್ಟು ಮಾಡುತ್ತೇನೆಂದಾಗ ಹೆಡ್‌ಮಾಸ್ತರು ಕಣ್ಣು ಮುಚ್ಚಿಕೊಂಡು, “ಮೀಸಿ ಬೋಳಸ್ತೀರೇನು?” ಎಂದರು. ಸಾವಿಗೆ ಮೀಸೆ ಇದ್ದರೇನು ಎಂದು ನಾನು ವಾದಿಸುತ್ತಿದ್ದೆ. ಅಷ್ಟರಲ್ಲಿ ಹುಡುಗಿಯರಿಗೆ ಸ್ವಾಗತದ ಹಾಡು ಕಲಿಸಲು ಬಂದಿದ್ದ ಅಕ್ಕೋರು ಪಡಸಾಲೆಯಿಂದಲೇ ಹೇಳಿದರು:

“ನಾ ಮಾಡ್ತೀನ್ರಿ.”

ಹೆಡ್‌ಮಾಸ್ತರು ಎದ್ದೇ ನಿಂತರು. “ಅಕ್ಕೋರ, ಹಂಗಲ್ಲ. ಮಂದಿ ಏನಂದಾರು? ಮೊದಲ ನಿಮ್ಮ ಬಗ್ಗೆ ಮಾತು ನಡದದ.”

“ಮಂದಿ ನನ್ನ ನೋಡಿದ ಕೂಡ್ಲೆ ಸಾವು ಬಂತು ಅಂತಾರ. ಅವರಿಗೂ ರೂಢಿ ಐತಿ, ನನಗೂ ರೂಢಿ ಐತಿ. ಬಣ್ಣ ಸೈತ ಬ್ಯಾಡ, ಇದ ಸೀರಿ ನಡೀತೈತಿ.” ಆಮೇಲೆ ದನಿ ಇಳಿಸಿ, “ಕನಮಡಿಗೆ ಹೋಗೂದ ಇದ್ರ ಒಂದ ಸಲ ಎಲ್ಲಾರ ಎದರಿಗೆ ನಿಂತು ಹೋಗ್ತೀನ್ರಿ. ದಿನಾ ಬಾಗಲಾ ಸಂದಿಲೆ ನೋಡ್ತಾರ, ಒಂದ ದಿನ ನೆಟ್ಟಗ ನೋಡ್ಲಿ,” ಎಂದರು.

ನಾಟಕಕ್ಕೆ ಪಾತ್ರ ಸಿಕ್ಕಿತೆಂಬ ಸಂತೋಷದಲ್ಲಿ ನಾನು ಆ ಮಾತಿನ ಭಾರ ಪೂರ್ತಿ ಕೇಳಿಸಿಕೊಂಡೆನೆ ಎಂಬುದು ಸಂಶಯ. ತಾಲೀಮಿನಲ್ಲಿ ಅವರಿಗೆ ರಷ್ಯದ ಮಾಸ್ತರನ ಬಗ್ಗೆ ಹೇಳುತ್ತಿದ್ದೆ. ಅವನ ತಾಯಿಯ ಕಥೆ ಅವರಿಗೆ ಹಿಡಿಸಿತು. ಸಾವು ಅಂದರೆ ಶಾಂತಿ ಎನ್ನುವುದು ಮಾತ್ರ ಹಿಡಿಸಲಿಲ್ಲ.

“ಆ ಮಾಸ್ತರ ಸಾಲ್ಯಾಗ ಹುಡುಗಿಯರು ಇರಲಿಲ್ಲೇನ್ರಿ?” ಎಂದು ಕೇಳಿದರು.

“ಯಾಕ್ರಿ?”

“ಮುಲ್ಕಿ ಪರೀಕ್ಷಾ ಮುಂದಿದ್ರ ಸಾಯೂ ವಿಚಾರ ಮಾಡಾಕ ಯಾರಿಗೆ ಪುರಸೊತ್ತ ಇರತೈತಿ?”

ಶಿವರಾತ್ರಿ ಮುಗಿದು ಬಿಸಿಲು ಚುರುಗುಡಲು ಶುರುವಾದ ಮೇಲೆ ಗ್ಯಾದರಿಂಗ್ ನಡೆಯಿತು. ಬಬಲೇಶ್ವರದಿಂದಲೂ ಚಕ್ಕಡಿ ಕಟ್ಟಿಕೊಂಡು ಜನ ಬಂದಿದ್ದರು. ಹೆಂಗಸರು ಒಂದು ಬದಿ, ಗಂಡಸರು ಒಂದು ಬದಿ, ಮುಂದೆ ಕುರ್ಚಿಯಲ್ಲಿ ಗೌಡರು, ಹೆಂಗಸರ ಮೊದಲ ಸಾಲಿನಲ್ಲಿ ಜಮಖಾನೆಯ ಮೇಲೆ ಗೌಡಶಾನಿ. ಹೆಡ್‌ಮಾಸ್ತರ ಒತ್ತಾಯಕ್ಕೆ ರಂಗಪೂಜೆಯಾಯಿತು. ಸರಸ್ವತಿಯ ಪಟದ ಮುಂದೆ ತೆಂಗಿನಕಾಯಿ, ಅಕ್ಕಿ, ಉತ್ತತ್ತಿ, ಅರಿಷಿಣಕೊಂಬು, ರವಿಕೆಗೆಂದು ಮಡಿಕೆ ಮುರಿಯದ ಒಂದು ಕುಬಸದ ಖಣ, ಒಂದು ಬಟ್ಟಲು ಅರಿಷಿಣಪುಡಿಯ ಭಂಡಾರ. ಎಲ್ಲವೂ ವಾಡೆಯಿಂದ ಬಂದಿತ್ತು. ನನಗೆ ಪೂಜೆಯಲ್ಲಿ ನಂಬಿಕೆಯಿಲ್ಲದ್ದರಿಂದ ಹಿಂದೆ ಹೋಗಿ ನಿಂತೆ.

ಸೂರ್ಯನ ವಿಷಯದಲ್ಲಿ ನನ್ನ ಲೆಕ್ಕ ಪಕ್ಕಾ ಬಂತು. ಮುಳುಗುವ ಸೂರ್ಯ ನೋಡುವವರ ಕಣ್ಣಿಗೇ ಹೊಡೆಯುತ್ತಿದ್ದ. ಎಲ್ಲರೂ ಕೈ ಅಡ್ಡ ಹಿಡಿದು ನೋಡಿದರು. ಮಕ್ಕಳು ನೀರಿಗೆ ಜಗಳವಾಡಿದಾಗ ಜನ ನಕ್ಕರು. “ನಮ್ಮ ಓಣಿ ಬಾವಿ ಮ್ಯಾಲ ಇದ ನಡೀತೈತಿ ನೋಡ್ರಿ,” ಎಂದು ಯಾರೋ ಕೂಗಿದರು. ಆಮೇಲೆ ಸೂರ್ಯ ಇಳಿದ. ಕೈಗಳು ಕಣ್ಣಿನಿಂದ ಕೆಳಗಿಳಿದವು. ಅದೇ ಹೊತ್ತಿಗೆ ಬಾಗಿಲಿನ ಚೌಕಟ್ಟಿನಲ್ಲಿ ಅಕ್ಕೋರು ನಿಂತಿದ್ದರು.

“ನೀರ ಕೊಡ್ರಿ,” ಎಂದರು. ನಾನು ಬರೆದದ್ದು ಗ್ರಂಥದ ಭಾಷೆಯ ಉದ್ದನೆಯ ವಾಕ್ಯ. ಅವರು ಇಷ್ಟೇ ಹೇಳಿದರು. ಅಥವಾ ಅಷ್ಟೂ ಹೇಳಿದರೋ, ನನಗೆ ಇಷ್ಟೇ ಕೇಳಿಸಿತೋ.

ಹಿರಿಯ ಮಗನ ಪಾತ್ರದವನು, “ಹೋಗಾಚೆ,” ಎಂದು ಬೈದು ಬಾಗಿಲು ಹಾಕಿದ. ಹೆಂಗಸರ ಬದಿಯಿಂದ ಒಂದು ಉಸಿರು ಎದ್ದಿತು. ಅದು ಯಾಕೆಂದು ನನಗೆ ಆಗ ತಿಳಿಯಲಿಲ್ಲ. ನಮ್ಮ ಕಡೆಯ ಕಥೆಗಳಲ್ಲಿ ಬಾಯಾರಿ ಬಾಗಿಲಿಗೆ ಬರುವ ಹೆಂಗಸು ಯಾರು ಎಂಬುದು ಹಾಲು ಕುಡಿಯುವ ಕೂಸಿಗೂ ಗೊತ್ತು. ಊರ ದೇವಿಯೇ ಹಾಗೆ ಬರುತ್ತಾಳೆ, ವೇಷ ಮರೆಸಿಕೊಂಡು, ಊರಿನ ಮನಸ್ಸು ನೋಡಲು. ಓಡಿಸಿದವರ ಮನೆ ಉಳಿಯುವುದಿಲ್ಲ, ನೀರು ಕೊಟ್ಟವರ ವಂಶ ಬೆಳೆಯುತ್ತದೆ. ಇಷ್ಟು ದೂರದ ರಷ್ಯವನ್ನು ಓದಿದ ನಾನು, ನನ್ನ ಅಜ್ಜಿ ಹೇಳಿದ್ದ ಈ ಕಥೆಯನ್ನು ನನ್ನ ನಾಟಕದೊಳಗೇ ಇಟ್ಟು ಮರೆತಿದ್ದೆ.

ಮುದುಕ ಅವರನ್ನು ಒಳಗೆ ಕರೆದು ನೀರು ಕೊಟ್ಟ. ಅಕ್ಕೋರು ಕುಡಿದರು. ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಣೆ ಸವರಿದರು. “ನಾನು ಸಾವು” ಎಂದರು. ಯಾರೂ ಹೆದರಲಿಲ್ಲ. ದೇವಿ ತರುವುದೂ ಅವಳೇ, ಒಯ್ಯುವುದೂ ಅವಳೇ ಎಂದು ಆ ಹೆಂಗಸರಿಗೆ ನಾಟಕ ಹೇಳಬೇಕಾಗಿರಲಿಲ್ಲ.

ಆಮೇಲೆ ಮೌನ. ನನ್ನ ಹೆಮ್ಮೆಯ ಮೌನ.

ಜನ ಏಳಲಿಲ್ಲ. ಮಂಗಳ ಆಗಿಲ್ಲ, ಯಾಕೆ ಏಳುತ್ತಾರೆ? ಪೇಟಿ ಮಾಸ್ತರು ಕೈಕಟ್ಟಿ ನನ್ನತ್ತ ನೋಡುತ್ತಿದ್ದರು. ಅಕ್ಕೋರು ಮುದುಕನ ತಲೆ ಹಿಡಿದು ಅಲುಗಾಡದೆ ಕೂತಿದ್ದರು. ಅಷ್ಟರಲ್ಲಿ ಗೌಡಶಾನಿ ನೆಲಕ್ಕೆ ಕೈಯೂರಿ ಎದ್ದಳು. ಸೆರಗು ತಲೆಯ ಮೇಲೆಳೆದು ರಂಗದ ಮೆಟ್ಟಿಲು ಹತ್ತಿದಳು. ಪಟದ ಮುಂದಿದ್ದ ಖಣ, ಕಾಯಿ, ಅಕ್ಕಿ ಎತ್ತಿಕೊಂಡು ಅಕ್ಕೋರ ಮುಂದೆ ಬಂದು ನಿಂತಳು.

“ಉಡಿ ಒಡ್ಡು ಯವ್ವಾ,” ಎಂದಳು.

ಉಡಿ ತುಂಬುವುದು ಮುತ್ತೈದೆಯರಿಗೆ, ಇಲ್ಲವೇ ದೇವಿಗೆ. ಗಂಡ ಸತ್ತವಳ ಸೆರಗಿಗೆ ಒಂದು ಕಾಳು ಅಕ್ಕಿಯನ್ನೂ ಯಾರೂ ಹಾಕುವುದಿಲ್ಲ. ಅಕ್ಕೋರು ತಲೆಯೆತ್ತಿ ಗೌಡಶಾನಿಯನ್ನು ನೋಡಿದರು. ಅದೆಷ್ಟು ಹೊತ್ತು ನೋಡಿದರು? ನನ್ನ ನೆನಪಿನಲ್ಲಿ ಅದು ಒಂದು ಯುಗ. ಹೆಡ್‌ಮಾಸ್ತರ ನೆನಪಿನಲ್ಲಿ ಕಣ್ಣು ಪಿಳುಕಿಸುವಷ್ಟು. ಆಮೇಲೆ ಸೆರಗಿನ ತುದಿ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು, ಒಡ್ಡಿದರು.

ಗೌಡಶಾನಿ ಬಗ್ಗಿದಳು. ಮುಸ್ಸಂಜೆಯ ಮಬ್ಬಿನಲ್ಲಿ ಸಿಗದಿದ್ದ ಆ ಮುಖದ ಗುರುತು ಅಷ್ಟು ಹತ್ತಿರದಿಂದ ಅವಳಿಗೆ ಸಿಕ್ಕಿತು. ದಿನವೂ ಬಾಗಿಲಲ್ಲಿ ಕಾಣುತ್ತಿದ್ದ ಮುಖ. ಅಕ್ಕಿ ತುಂಬಿದ ಬೊಗಸೆ ಗಾಳಿಯಲ್ಲಿ ನಿಂತಿತು. ಇದನ್ನು ನಾನು ಕಂಡಿದ್ದೇನೆ, ಇದರಲ್ಲಿ ಸಂಶಯವಿಲ್ಲ. ನಾನು ರಂಗದ ಬದಿಯಲ್ಲೇ ಇದ್ದೆ. ಆ ಬೊಗಸೆ ಹಿಂದಕ್ಕೆ ಹೋಗಲಿಲ್ಲ. ಅಕ್ಕಿ ಬಿತ್ತು, ಉತ್ತತ್ತಿ ಬಿತ್ತು, ಅರಿಷಿಣಕೊಂಬು ಬಿತ್ತು. ಖಣ, ಅದರ ಮೇಲೆ ಕಾಯಿ. ಕೊನೆಗೆ ಬಟ್ಟಲಿನ ಭಂಡಾರದಲ್ಲಿ ಬೆರಳದ್ದಿ ಆ ಬರಿಹಣೆಗೆ ಹಚ್ಚಿದಳು. ಕುಂಕುಮ ಹಚ್ಚಿದಳು ಎಂದು ಆಮೇಲೆ ಬಬಲೇಶ್ವರದವರು ಹೇಳಿಕೊಂಡು ತಿರುಗಿದರು. ಇಲ್ಲ, ಭಂಡಾರ. ಹಳದಿ.

ಅವಳ ಹಿಂದೆ ಮತ್ತೊಬ್ಬ ಹೆಂಗಸು ಎದ್ದಳು. ಅವಳ ಹಿಂದೆ ಇನ್ನೊಬ್ಬಳು. ಕೈಯಲ್ಲಿ ಏನೂ ಇಲ್ಲದವರು ಬಂದು ಪಾದ ಮುಟ್ಟಿದರು. ಸತ್ತು ಮಲಗಿದ್ದ ಮುದುಕನ ಪಾತ್ರದವನು ಒಂದು ಕಣ್ಣು ತೆರೆದು ನೋಡಿ ಮತ್ತೆ ಸತ್ತ. ನಾನು ಅತ್ತ ಕೂಗಬೇಕೆಂದುಕೊಂಡೆ, ಇದು ದೇವಿಯಲ್ಲ, ಇದು ಸಂಕೇತ ಎಂದು. ಪುಣ್ಯಕ್ಕೆ ಕೂಗಲಿಲ್ಲ. ಪೇಟಿ ಮಾಸ್ತರು ಮಾತ್ರ ನನ್ನ ಅಪ್ಪಣೆ ಕಾಯಲಿಲ್ಲ. ಕೊನೆಯ ಹೆಂಗಸು ಇಳಿದದ್ದನ್ನು ನೋಡಿ ತಿದಿ ಒತ್ತಿ ಮಂಗಳ ಎತ್ತಿದರು. ಇಡೀ ಬಯಲು ದನಿಗೂಡಿಸಿತು. ನನ್ನ ಕತ್ತಲಿನ ನಾಟಕ ಹಾಗೆ ಆರತಿಯೊಂದಿಗೆ ಮುಗಿಯಿತು.

ಮರುದಿನ ಗೌಡರು ಶಾಲೆಗೆ ಬಂದು ಹೆಡ್‌ಮಾಸ್ತರ ಎದುರು ಕೂತರು. ಬಹಳ ಹೊತ್ತು ರುಮಾಲು ಸರಿಮಾಡಿಕೊಂಡರು.

“ಆ ವರ್ಗದ ಮಾತು ಬಿಟ್ಟಬಿಡ್ರಿ,” ಎಂದರು ಕೊನೆಗೆ.

“ಯಾಕ್ರಿ ಗೌಡ್ರ? ಅವ್ವಾವರ ಹೇಳಿದ್ರಲ್ಲ?”

“ಅವ್ವಾನೇ ಉಡಿ ತುಂಬ್ಯಾಳ. ಮಂಗಳಕ್ಕಿಂತ ಮೊದಲ ತುಂಬಿದ್ದು, ಅದು ದೇವಿಗೆ ಮುಟ್ಟೇತಿ ಅಂತಾರ ಕೆಲವ್ರು. ಆದ್ರ ಮಂಗಳ ಆದ ಮ್ಯಾಲ ಉಡಿ ಯಾರ ಸೆರಗಿನ್ಯಾಗ ಉಳೀತು? ಅಕ್ಕೋರ ಸೆರಗಿನ್ಯಾಗ. ತುಂಬಿದ ಉಡಿ ಯಾರಾರ ಹಿಂದಕ ಸುರೂತಾರೇನ್ರಿ? ಈಗ ಆಕಿ ನಮ್ಮ ಮನಿ ಮಗಳಾದಂಗಾತು. ಆಕಿನ್ನ ಕನಮಡಿಗೆ ಕಳಸಿದ್ರ ನಮ್ಮವ್ವ ನನ್ನ ಕಳಸ್ತಾಳ.”

ನಾನು ಸುಮ್ಮನಿರಲಿಲ್ಲ. ಎಂ.ಎ. ಮಾಡಿದವನು ಸುಮ್ಮನಿರುವುದು ಕಷ್ಟ. ಕೆಲವು ದಿನ ಬಿಟ್ಟು ವಾಡೆಗೆ ಹೋದಾಗ ಗೌಡಶಾನಿಯನ್ನೇ ಕೇಳಿದೆ.

“ಅಮ್ಮಾರ, ನೀವು ದೇವಿ ಅಂತ ತಿಳಿದು ಹತ್ತಿದ್ರಿ. ಹತ್ರ ಹ್ವಾದ ಮ್ಯಾಲ ಅಕ್ಕೋರು ಅಂತ ಗೊತ್ತಾತು, ಹೌದಲ್ರಿ? ಆದ್ರೂ ಯಾಕ ತುಂಬಿದ್ರಿ?”

ಆಕೆ ನನ್ನನ್ನು ಕರುಣೆಯಿಂದ ನೋಡಿದಳು. “ತಮ್ಮಾ, ನೀ ಬಾಳ ಕಲತಿ. ಉಡಿ ಒಡ್ಡು ಅಂದಾಕಿ ನಾನು. ಒಡ್ಡಿದ ಉಡಿ ಬರಿದ ಬಿಟ್ಟು ಇಳಿದ್ರ ನನ್ನ ಮನ್ಯಾಗ ಉಡಿ ತುಂಬೂ ಹೆಣ್ಣ ಉಳೀತಾವೇನ?” ಆಮೇಲೆ, “ಮತ್ತ ಆಕಿ ಮುಖಾ ನಾ ಹತ್ರದಿಂದ ನೋಡೇ ಇರಲಿಲ್ಲ. ಬಾಗಲದಿಂದ ಹಣಿ ಅಷ್ಟ ಕಾಣತಿತ್ತು,” ಎಂದಳು.

ಈ ಕೊನೆಯ ಮಾತನ್ನು ಆಕೆ ಅಂದಳೋ, ಆಕೆ ಅಂದಿದ್ದರೆ ಚೆಂದ ಎಂದು ನಾನು ಅಂದುಕೊಂಡೆನೋ, ಎಷ್ಟೋ ಸಲ ಯೋಚಿಸಿದ್ದೇನೆ. ಆಕೆ ಈಗಿಲ್ಲ. ಕೇಳಲು ಯಾರೂ ಇಲ್ಲದ್ದರಿಂದ ಆಕೆಗೇ ಬಿಟ್ಟಿದ್ದೇನೆ.

ಅಕ್ಕೋರಿಗೆ ನಾನು ನನ್ನ ನಿರಾಶೆ ಹೇಳಿಕೊಂಡೆ. ರಷ್ಯದ ಮಾಸ್ತರನ ಕತ್ತಲನ್ನು ಇಲ್ಲಿಯವರು ಒಳಗೆ ಬಿಡಲೇ ಇಲ್ಲ, ಅಕ್ಕಿ ಕಾಯಿ ಕೊಟ್ಟು ಕಳಿಸಿಬಿಟ್ಟರು ಎಂದೆ.

“ನೀವ್ಯಾಕ ಮುಖಾ ಸಣ್ಣ ಮಾಡ್ತೀರ್ರಿ?” ಎಂದರು ಅವರು. “ಆ ಮಾಸ್ತರು ಇಲ್ಲಿ ಬಂದಿದ್ರ ಅವರನ್ನೂ ಬಿಡ್ತಿರಲಿಲ್ಲ ನಮ್ಮ ಮಂದಿ. ಗಂಡಸ್ರಿಗೆ ಉಡಿ ಇಲ್ಲ, ಟಾವೆಲ್ ಟೋಪಿ ಆಯೇರಿ ಮಾಡ್ತಿದ್ರು. ಹೆಂಡತಿ ತಾಟಿನ ಮುಂದ ಒಬ್ಬರ ಕುಂದ್ರಾಕ ಬಿಡತಿದ್ರೇನು? ನಾಕ ಮಂದಿ ಬಂದು ಬಾಜೂಕ ಕುಂತು ಉಣ್ಣತಿದ್ರು.”

ಆ ಪುಸ್ತಕವನ್ನು ನಾನು ಆಮೇಲೂ ಓದಿದ್ದೇನೆ, ಈಗಲೂ ಓದುತ್ತೇನೆ. ಅದು ಸುಳ್ಳಲ್ಲ. ಮೂಲೆಯ ಕಸದಲ್ಲಿ ಮಿಸುಕುವ ಕೇಡು ತಿಕೋಟಾದಲ್ಲೂ ಇತ್ತು; ಬಾವಿಯ ಹತ್ತಿರ ಒಂದು ಮಾತಾಗಿ ಹುಟ್ಟಿ ಒಬ್ಬ ಹೆಣ್ಣುಮಗಳ ಬದುಕನ್ನು ನುಂಗಲು ಹೊರಟಿತ್ತು. ಆದರೆ ಆ ಸಂಜೆ ಅದು ಸೋತಿತು. ಸೋತದ್ದು ನನ್ನ ವಿಚಾರದಿಂದಲ್ಲ, ನಾನು ಬೇಡವೆಂದ ಒಂದು ಹಾಡಿಗಾಗಿ ಜನ ಕಾದು ಕೂತದ್ದರಿಂದ. ಇದನ್ನು ಬರೆಯುವಾಗ ಈಗಲೂ ನನಗೆ ನಗು ಬರುತ್ತದೆ, ಎದೆಯೂ ಉಬ್ಬುತ್ತದೆ.

ಹುಡುಗಿಯರೆಲ್ಲ ಮುಲ್ಕಿ ಪಾಸಾದರು. ಒಬ್ಬಳು ಮೊದಲ ಸಲ ಕುಳಿತಾಗ ಲೆಕ್ಕದಲ್ಲಿ ಹೋದಳೆಂದು ಹೆಡ್‌ಮಾಸ್ತರು ಹೇಳುತ್ತಿದ್ದರು. ಅಕ್ಕೋರು ಅದನ್ನು ಒಪ್ಪುವುದಿಲ್ಲ, ಆದ್ದರಿಂದ ನಾನೂ ಒಪ್ಪುವುದಿಲ್ಲ. ಅವರು ತಿಕೋಟಾದಲ್ಲೇ ಉಳಿದರು. ಮುಂದಿನ ವರ್ಷ ಏಳನೆಯ ಇಯತ್ತೆಯ ಕೋಣೆಯಲ್ಲಿ ಹುಡುಗಿಯರಿಗೆ ಕೂರಲು ಜಾಗ ಸಾಲಲಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ಪರೀಕ್ಷೆಗೆ ಹೊರಟ ಮುಂಜಾನೆ. ವಿಜಯಪುರಕ್ಕೆ ಹೋಗುವ ಬಸ್ಸು ಬಯಲಿನ ತುದಿಯಲ್ಲಿ ನಿಂತಿತ್ತು. ನಾನು ಆಗಷ್ಟೇ ಬೇರೆ ಬಸ್ಸಿನಿಂದ ಇಳಿದಿದ್ದೆ. ಹುಡುಗಿಯರು ಎಣ್ಣೆ ಹಚ್ಚಿ ಜಡೆ ಹೆಣೆದುಕೊಂಡು, ಬುತ್ತಿಗಂಟು ಹಿಡಿದು, ವಾಡೆಯ ಮುಂದೆ ಸಾಲಾಗಿ ನಿಂತಿದ್ದರು. ಗೌಡಶಾನಿಯ ಮೊಮ್ಮಗಳೂ ಅವರಲ್ಲಿದ್ದಳು. ಅಕ್ಕೋರು ಎಂದಿನಂತೆ ಎಲ್ಲರ ಹಿಂದೆ, ಗೋಡೆಯ ಪಕ್ಕ ನಿಂತಿದ್ದರು. ಒಳ್ಳೆಯ ಕೆಲಸಕ್ಕೆ ಹೊರಟವರ ಎದುರು ತಾವು ಬರಬಾರದು ಎಂಬುದು ಅವರ ಮೈಗೆ ಹತ್ತಿದ ಅಭ್ಯಾಸ.

ಗೌಡಶಾನಿ ಹೊಸ್ತಿಲ ಮೇಲೆ ನಿಂತು ಕೂಗಿದಳು: “ಅಕ್ಕೋರ, ಅಲ್ಲ್ಯಾಕ ನಿಂತೀರಿ? ಆ ಕಡಿಂದ ಬರ್ರಿ. ಹುಡುಗ್ಯಾರಿಗೆ ಎದರಾಗ್ರಿ.”

ಅಕ್ಕೋರು ಅಲ್ಲೇ ನಿಂತರು.

“ಬರ್ರಿ ಅಂದ್ನೆಲಾ. ಪರೀಕ್ಷಾ ಬರಿಯಾಕ ಹೊಂಟಾವ. ನಿಮ್ಮ ಮಾರಿ ನೋಡಿ ಹೋಗ್ಲಿ.”

ಅಕ್ಕೋರು ಬಯಲನ್ನು ಬಳಸಿ ಬಸ್ಸಿನ ಕಡೆಯಿಂದ ಬಂದರು. ಸೂರ್ಯ ಅವರ ಹಿಂದೆ ಏರುತ್ತಿದ್ದ. ಹುಡುಗಿಯರು ಎದುರಿನಿಂದ ನಡೆದರು. ಬಿಳಿ ಸೀರೆಯ ಕೆಳಗೆ ಅಕ್ಕೋರು ತೊಟ್ಟಿದ್ದದ್ದು ಆ ಉಡಿಯ ಖಣದ ಹೊಸ ಕುಬಸ. ಹಸಿರು ಖಣ, ಕೆಂಪು ದಡಿ ಎಂದು ಇಷ್ಟು ವರ್ಷ ಎಲ್ಲರಿಗೂ ಹೇಳುತ್ತ ಬಂದಿದ್ದೆ. ಮೊನ್ನೆ ಮೊನ್ನೆ ಅವರನ್ನೇ ಕೇಳಿದಾಗ ನಕ್ಕು, “ಕೆಂಪ ಖಣಾರಿ, ಹಸರ ದಡಿ,” ಎಂದರು. ಇರಲಿ. ಬಣ್ಣವಿತ್ತು. ಎದುರಾದ ಒಬ್ಬೊಬ್ಬ ಹುಡುಗಿಯೂ ಅವರ ಮುಖವನ್ನು ನೆಟ್ಟಗೆ ನೋಡಿ ಮುಂದೆ ಹೋದಳು. ಕೊನೆಯವಳೂ ದಾಟಿದ ಮೇಲೆ ಅಕ್ಕೋರು ತಿರುಗಿ, ಅವರ ಹಿಂದೆ ಓಡಿ, ಬಸ್ಸು ಹತ್ತಿದರು.